ನಾನು ತೋರಿಸಿದ ಬಿರುಕು

ಮಹದೇವ, ಆರು ವರ್ಷದ ಹಿಂದೆ ಕೆಂಟ್‌ನ ಹರಾಜಿನಲ್ಲಿ ನೀನು ಕೊಳ್ಳಬೇಕೆಂದಿದ್ದ ಆ ಕಪ್ಪು ಕಾರಿನ ಇಂಜಿನ್ನಿನಲ್ಲಿ ಬಿರುಕು ಇರಲಿಲ್ಲ. ಇದೆ ಎಂದು ನಾನು ಸುಳ್ಳು ಹೇಳಿದೆ. ಕಣ್ಣು ಮಂಜಾಗಿತ್ತು, ಬೆಳಕು ಸಾಲದಾಗಿತ್ತು, ಆತುರದಲ್ಲಿ ತಪ್ಪಿ ಆಡಿದೆ — ಇಂಥದ್ದೇನೂ ಅಲ್ಲ. ನೋಡಿದೆ, ಇಂಜಿನ್ ಚೆನ್ನಾಗಿದೆ ಎಂದು ಖಚಿತ ಮಾಡಿಕೊಂಡೆ, ಆಮೇಲೆ ಕೆಟ್ಟಿದೆ ಎಂದೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಈ ವಾರ ಎರಡು ಸಲ ನಿನಗೆ ಫೋನ್ ಮಾಡಿದ್ದು ಅದಕ್ಕೇ. ನೀನು "ಹೇಳಿ ಅಣ್ಣಾ" ಅಂದ ಕೂಡಲೇ ನನ್ನ ಬಾಯಿ ಊಟ ಆಯ್ತಾ, ನಿನ್ನ ಮಗಳು ನಿಧಿಯ ಸ್ಕೂಲ್ ಹೇಗಿದೆ ಎಂದು ಬೇರೆ ದಾರಿ ಹಿಡಿಯಿತು. ಅಷ್ಟು ಪುಕ್ಕಲ ನಾನು. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಏಕೆಂದರೆ ಅದನ್ನು ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಧಾಟಿಯಲ್ಲೇ ಏನೋ ಕೊಳೆತಿತ್ತು. ಮೈಸೂರಿನಲ್ಲಿ ನಮ್ಮ ತಂದೆ ವಕೀಲರು. ಅವರ ಕಪ್ಪು ಬ್ರಿಟಿಷ್ ಕಾರಿಗೆ ನಿಮ್ಮಪ್ಪ ಪುಟ್ಟಸ್ವಾಮಿಯವರು ಹದಿನಾರು ವರ್ಷ ಡ್ರೈವರ್. ನನ್ನನ್ನು ಸ್ಕೂಲಿಗೆ ಬಿಟ್ಟು ಕರೆತಂದವರು ಅವರೇ. ನಾವು ಮಕ್ಕಳೂ ಅವರನ್ನು "ಪುಟ್ಟಸ್ವಾಮಿ, ಬಾ ಇಲ್ಲಿ" ಎಂದೇ ಕರೆಯುತ್ತಿದ್ದೆವು. ಅದು ತಪ್ಪು ಎಂದು ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ತಂದೆಯ ವಕೀಲಿಕೆ ಕುಸಿಯಿತು, ಕಾರು ಮಾರಿಹೋಯಿತು, ನಿಮ್ಮಪ್ಪ ಬೇರೆ ಕಡೆ ಕೆಲಸಕ್ಕೆ ಸೇರಿದರು. ನೀನು ಆಗಿನ್ನೂ ತೊಟ್ಟಿಲ ಕೂಸು. ಆ ಕಾರನ್ನು ನೀನು ಕಣ್ಣಾರೆ ಕಂಡಿಲ್ಲ, ಅಪ್ಪನ ಬಾಯಲ್ಲಿ ಕೇಳಿದ್ದು ಮಾತ್ರ.

ಮುಂದೆ ನೀನು ನಿನ್ನ ಓದಿನ ಬಲದಿಂದಲೇ ನಾನಿರುವ ಈ ದೇಶದ ಯೂನಿವರ್ಸಿಟಿಗೆ ಬಂದೆ. ನಾನು ಮಾಡಿದ್ದು ಏರ್‌ಪೋರ್ಟಿಗೆ ಬಂದು ಒಂದು ಹಳೇ ಕೋಟು ಕೊಟ್ಟಿದ್ದು, ನಾಲ್ಕು ದಿನ ಮನೆಯಲ್ಲಿ ಇಟ್ಟುಕೊಂಡಿದ್ದು. ಆದರೆ ಊರೆಲ್ಲ ಏನು ಹೇಳಿಕೊಂಡು ತಿರುಗಿದೆ ಗೊತ್ತೇ? "ನಮ್ಮ ಡ್ರೈವರ್ ಮಗ. ನಾನೇ ದಾರಿಗೆ ಹಚ್ಚಿದೆ." ನಿನಗೆ ಲ್ಯಾಬಿನಲ್ಲಿ ದೊಡ್ಡ ಹುದ್ದೆ ಸಿಕ್ಕಾಗಲೂ ಹೇಳಿದೆ, ಮನೆ ತಗೊಂಡಾಗಲೂ ಹೇಳಿದೆ. ನಿನ್ನ ಏಳಿಗೆ ನನಗೆ ಸಂತೋಷವೇ ಆಗಿತ್ತು — ಅದು ನನ್ನ ದೊಡ್ಡತನಕ್ಕೆ ಸಾಕ್ಷಿಯಾಗಿ ನಿಂತಿರುವವರೆಗೆ.

ಆ ವರ್ಷ ನಿಮ್ಮಪ್ಪ ಆರು ತಿಂಗಳಿಗೆಂದು ಬಂದಿದ್ದರು. ವಾಪಸ್ ಹೊರಡಲು ಹತ್ತು ದಿನ ಉಳಿದಿತ್ತು. ಕೆಂಟ್‌ನ ಒಂದು ಗೋದಾಮಿನಲ್ಲಿ ಹಳೇ ಕಾರುಗಳನ್ನೂ ಬಿಡಿಭಾಗಗಳನ್ನೂ ಹರಾಜು ಹಾಕುತ್ತಾರೆ, ಅದರಲ್ಲಿ ಅದೇ ಕಂಪನಿಯ ಅದೇ ಮಾದರಿಯ ಕಪ್ಪು ಕಾರಿದೆ ಎಂದು ನೀನು ಪತ್ತೆ ಮಾಡಿದ್ದೆ. ನನ್ನನ್ನು ಕರೆದೊಯ್ಯಲು ಮಿಲ್ ಕ್ರೀಕ್‌ನ ನಮ್ಮ ಮನೆವರೆಗೂ ಬಂದೆ. ಮೂವತ್ತು ವರ್ಷ ವಿಮಾನದ ಬಿಡಿಭಾಗಗಳನ್ನು ಪರೀಕ್ಷೆ ಮಾಡಿದವನು ನಾನು. ಕಣ್ಣಿಗೆ ಕಾಣದ ಬಿರುಕನ್ನು ಹುಡುಕುವುದೇ ನನ್ನ ಕಸುಬು, ಸುಳ್ಳು ರಿಪೋರ್ಟಿಗೆ ಒಮ್ಮೆಯೂ ಸಹಿ ಹಾಕಿದವನಲ್ಲ. "ನೀವು ನೋಡಿ ಓಕೆ ಅಂದ್ರೆ ಮಾತ್ರ ಬಿಡ್ ಮಾಡ್ತೀನಿ ಅಣ್ಣ, ಇಲ್ಲಾಂದ್ರೆ ಇಲ್ಲ" ಅಂದೆ ನೀನು. ನಿಮ್ಮಪ್ಪ ನಿನ್ನ ಪಕ್ಕದ ಸೀಟಿನಲ್ಲಿ ಕೂತಿದ್ದರು, ಹಿಂದೆ ಕೂರಲು ಒಪ್ಪುತ್ತಲೇ ಇರಲಿಲ್ಲ. ನಾನು ಯೋಚನೆಯನ್ನೇ ಮಾಡದೆ ಹಿಂದೆ ಹತ್ತಿ ಕೂತು, "ಏನು ಪುಟ್ಟಸ್ವಾಮಿ, ಹೇಗಿದೀಯಾ?" ಎಂದು ಕೇಳಿದೆ. ಎಂಬತ್ತು ದಾಟಿದ ಮನುಷ್ಯರನ್ನು, ಅವರ ಮಗನ ಕಾರಿನಲ್ಲಿ ಕೂತು, ಮಗನ ಎದುರಿಗೇ.

ಹರಾಜಿಗೆ ಮುಂಚೆ ಎರಡು ಗಂಟೆ ಕಾರುಗಳನ್ನು ಮುಟ್ಟಿ ನೋಡಲು ಬಿಡುತ್ತಾರೆ. ಗೋದಾಮಿನ ಗೋಡೆಯುದ್ದಕ್ಕೂ ಮೇಜುಗಳ ಮೇಲೆ ದೀಪಗಳು, ಹಾರನ್ನುಗಳು, ಬಾಗಿಲ ಹಿಡಿಕೆಗಳು. ನಡುವೆ ಕಾರುಗಳ ಸಾಲು. ನಿಮ್ಮಪ್ಪ ಅವುಗಳಲ್ಲಿ ಯಾವುದನ್ನೂ ನೋಡದೆ ನೇರವಾಗಿ ಆ ಕಪ್ಪು ಕಾರಿನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಕಾರು ತಿರುಗುವ ಮುಂಚೆ ಸಿಗ್ನಲ್ಲಾಗಿ ಬಾಗಿಲ ಪಕ್ಕದಿಂದ ಹೊರಗೆ ಚಾಚುವ ಆ ಪುಟ್ಟ ಕೆಂಪು ಕೈಗಳಿವೆಯಲ್ಲ, ಅವುಗಳನ್ನು ಕಂಡು ನಕ್ಕೇಬಿಟ್ಟರು. ನಾನೂ ನಕ್ಕೆ. ಅಷ್ಟರವರೆಗೆ ನನ್ನ ಮನಸ್ಸು ಶುದ್ಧವಾಗಿತ್ತು — ಹಾಗೆಂದು ನಂಬಿದ್ದೇನೆ.

ಆಮೇಲೆ ನೀನು ಹಿಂದಿನ ಬಾಗಿಲು ತೆಗೆದು ಹಿಡಿದೆ. "ಹತ್ತಪ್ಪ. ಹದ್ನಾರು ವರ್ಷ ಓಡ್ಸಿದೀಯ, ಒಂದಿನನೂ ಹಿಂದ್ಗಡೆ ಕೂತಿಲ್ಲ. ಈ ಭಾನುವಾರ ನಾನು ಡ್ರೈವರ್ರು, ನೀನು ಯಜಮಾನ." ಅವರು ಬೇಡ ಬೇಡ ಅಂದರು, ನೀನು ತೋಳು ಹಿಡಿದು ಕೂರಿಸಿದೆ. ಅವರು ಕೂತರು — ನನ್ನ ತಂದೆ ಕೂರುತ್ತಿದ್ದ ಎಡಗಡೆಯ ಜಾಗದಲ್ಲೇ. ಬೆನ್ನು ಒರಗಿಸಲಿಲ್ಲ. ನೀನು ನನ್ನ ಕಡೆ ತಿರುಗಿ ಅಂದೆ, "ಅಣ್ಣಾ, ಮೊದ್ಲು ನಿಮ್ಮನೆಗೇ ಬರ್ತೀವಿ. ನೀವು ಅತ್ತಿಗೆ ಬಾಗ್ಲಲ್ಲೇ ನಿಂತಿರಿ, ಅಪ್ಪನ್ನ ಇಳಿಸ್ಕೊಳ್ಳೋಕೆ."

ನನ್ನ ಮನಸ್ಸು ಕೆಟ್ಟಿದ್ದು ಆಗ.

ನಿನ್ನ ಮಾತಿನಲ್ಲಿ ಪ್ರೀತಿ ಬಿಟ್ಟರೆ ಬೇರೇನೂ ಇರಲಿಲ್ಲ, ಅದು ಆಗಲೂ ನನಗೆ ಗೊತ್ತಿತ್ತು. ಆದರೂ ಕಣ್ಣೆದುರು ಬಂದದ್ದು ಒಂದೇ ಚಿತ್ರ — ನಮ್ಮ ಮನೆ ಮುಂದೆ ಆ ಕಾರು ನಿಂತಿದೆ, ಹಿಂದಿನ ಸೀಟಿನಿಂದ ಪುಟ್ಟಸ್ವಾಮಿ ಇಳಿಯುತ್ತಿದ್ದಾನೆ, ಬಾಗಿಲು ತೆಗೆದು ಹಿಡಿದಿರುವವನು ನಾನು. "ಇಳಿಯುತ್ತಿದ್ದಾನೆ" ಎಂದೇ ಬರೆದೆ, ತಿದ್ದುವುದಿಲ್ಲ, ಆಗ ಮನಸ್ಸಿಗೆ ಬಂದದ್ದು ಹಾಗೆಯೇ. ಈ ದೇಶಕ್ಕೆ ಬಂದು ನಲವತ್ತು ವರ್ಷ, ಸಮಾನತೆಯ ಬಗ್ಗೆ ಕನ್ನಡ ಸಂಘದಲ್ಲಿ ಭಾಷಣ ಬೇರೆ ಮಾಡಿದ್ದೆ. ಒಳಗೆ ಕೂತಿದ್ದ ಚಿಕ್ಕ ಯಜಮಾನ ಒಂದಿಂಚೂ ಕದಲಿರಲಿಲ್ಲ.

ನೀನು ಬಾನೆಟ್ ಎತ್ತಿಸಿದೆ. ಹರಾಜಿನವರು ಇಂಜಿನ್ ಶುರು ಮಾಡಿ ತೋರಿಸಿದರು, ಒಂದೇ ಸಲಕ್ಕೆ ಹತ್ತಿತು, ಹದವಾಗಿ ಓಡಿತು. ನಿಲ್ಲಿಸಿದ ಮೇಲೆ ನಾನು ಟಾರ್ಚು, ಭೂತಗನ್ನಡಿ ಹಿಡಿದು ಬಗ್ಗಿದೆ. ನೀನು ನನ್ನ ಜಾಕೆಟ್ ಹಿಡಿದುಕೊಂಡು ಹಿಂದೆ ನಿಂತಿದ್ದೆ. ಇಂಜಿನ್ ಬ್ಲಾಕು ಅಂದರೆ ಎರಕ ಹೊಯ್ದ ಕಬ್ಬಿಣ. ಅಚ್ಚಿನ ಎರಡು ಭಾಗ ಕೂಡುವ ಕಡೆ ಸಣ್ಣದೊಂದು ಗೆರೆ ಉಳಿದಿರುತ್ತದೆ. ಅದು ಹುಟ್ಟು ಮಚ್ಚೆ, ದೋಷವಲ್ಲ. ಈ ಕಸುಬಿನಲ್ಲಿ ಮೊದಲ ವಾರ ಕಲಿಸುವ ಪಾಠವೇ ಅದು, ಆ ಗೆರೆಯನ್ನು ಬಿರುಕು ಅಂದುಕೊಳ್ಳಬೇಡ ಎಂದು.

ನಾನು ಆ ಗೆರೆಯನ್ನು ಆರಿಸಿಕೊಂಡೆ. ನಿನ್ನ ತೋರುಬೆರಳು ಹಿಡಿದು ಅದರ ಮೇಲೆ ನಿಧಾನವಾಗಿ ಎಳೆದೆ. "ಸಿಕ್ತಾ? ಬ್ಲಾಕ್ ಬಿರುಕು ಬಿಟ್ಟಿದೆ ಮಹದೇವ. ಈಗ ಓಡುತ್ತೆ, ಬಿಸಿ ಆದ್ಮೇಲೆ ಬಾಯಿ ಬಿಡುತ್ತೆ. ಬೇಡ."

ನೀನು ತಕ್ಷಣ ಬಿಟ್ಟುಕೊಡಲಿಲ್ಲ. "ರಿಪೇರಿ ಆಗಲ್ವಾ ಅಣ್ಣಾ?" ಅಂದೆ. ನಿನ್ನ ಮುಖ ನೋಡಿದೆ. ಸುಳ್ಳಿನಿಂದ ಹಿಂದೆ ಸರಿಯುವ ದಾರಿ ಇನ್ನೂ ತೆರೆದೇ ಇತ್ತು — ಇನ್ನೊಂದು ಸಲ ನೋಡ್ತೀನಿ ತಾಳು ಅಂದಿದ್ದರೆ ಸಾಕಿತ್ತು, ನನ್ನ ಮರ್ಯಾದೆಗೂ ಧಕ್ಕೆಯಿರಲಿಲ್ಲ. "ಇಲ್ಲ" ಅಂದೆ. "ಮಾಡಿಸಿದ್ರೂ ನಿಲ್ಲಲ್ಲ." ಹೊಟ್ಟೆಕಿಚ್ಚು ಮೊದಲ ಸುಳ್ಳಿಗೆ ಕಾರಣವಾಗಿರಬಹುದು, ಈ ಎರಡನೆಯದಕ್ಕೆ ನನ್ನ ಹತ್ತಿರ ಕಾರಣವೂ ಇಲ್ಲ.

ನಿಮ್ಮಪ್ಪ ಕಾರಿನಿಂದ ಇಳಿದು ಬಂದು, ಬಗ್ಗಿ, ನಾನು ತೋರಿಸಿದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ನಿನ್ನ ಬೆನ್ನು ತಟ್ಟಿ, "ಚಿಕ್ಕೆಜಮಾನ್ರು ಯೋಳಿದ್ಮೇಲೆ ಮುಗೀತು ಬುಡು ಮಗ" ಅಂದರು. ಇಷ್ಟು ನಿನಗೆ ನೆನಪಿರುತ್ತದೆ.

ಇನ್ನು ಬರೆಯುವುದು ನಿನಗೆ ಗೊತ್ತಿಲ್ಲದ್ದು. ನೀನು ಬಿಡ್ ಮಾಡುವ ನಂಬರಿನ ರಟ್ಟನ್ನು ವಾಪಸ್ ಕೊಡಲು ಕೌಂಟರಿಗೆ ಹೋದೆ. ನಾನೂ ನಿಮ್ಮಪ್ಪನೂ ಬಿಡಿಭಾಗಗಳ ಮೇಜಿನ ಹತ್ತಿರ ನಿಂತೆವು. ಅವರು ಒಂದು ಬಾಗಿಲ ಹಿಡಿಕೆಯನ್ನು ಎತ್ತಿ ತಿರುಗಿಸಿ ನೋಡುತ್ತಾ, ನನ್ನ ಕಡೆ ತಿರುಗದೆ, ಮೆಲ್ಲಗೆ ಹೇಳಿದರು: "ಆ ಗೆರೆ ನಮ್ಮ ಗಾಡೀಲೂ ಇತ್ತು. ಹದ್ನಾರು ವರ್ಷ ಒರೆಸಿವ್ನಿ."

ನಾನು ತಿರುಗಿ ನಿನ್ನನ್ನು ಹುಡುಕಿದೆ, ನೀನು ಇನ್ನೂ ಕೌಂಟರಿನಲ್ಲೇ ಇದ್ದೆ. ಅವರೇ ಮುಂದುವರಿಸಿದರು. "ಮಾದೇವ ನಿಮ್ಮ ಮಾತು ಅಂದ್ರೆ ದ್ಯಾವ್ರ ಮಾತು ಅಂದ್ಕಂಡವ್ನೆ. ಅದು ಅಂಗೇ ಇರ್ಲಿ. ಈ ದೂರದ್ ದೇಸ್ದಲ್ಲಿ ಅವನ್ಗೆ ಅಣ್ಣ ಅಂತ ಇರೋರು ನೀವೊಬ್ರೇ. ಕಾರು ಹೋದ್ರೆ ಹೋಗ್ಲಿ." ಹಿಡಿಕೆಯನ್ನು ಇದ್ದ ಜಾಗದಲ್ಲೇ ಇಟ್ಟರು. ಬೈಯಲಿಲ್ಲ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಲೂ ಇಲ್ಲ — ಕೇಳುವ ಅಗತ್ಯ ಅವರಿಗೆ ಇರಲಿಲ್ಲ ಅಂದುಕೊಳ್ಳುತ್ತೇನೆ. ನಮ್ಮ ಮನೆಯವರನ್ನು ಅವರು ಚೆನ್ನಾಗಿ ಬಲ್ಲವರು.

ಕಾರಿನ ಸರದಿ ಬಂದಾಗ ಮೂರೋ ನಾಲ್ಕೋ ಕೈ ಎದ್ದವು. ಯಾರೋ ಟೋಪಿಯವನಿಗೆ ಹೋಯಿತು. ಅಲ್ಲಿನ ಪದ್ಧತಿಯಂತೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಮಹದೇವ. ನನ್ನ ಎಡಕ್ಕೆ ನೀನು, ಬಲಕ್ಕೆ ನಿಮ್ಮಪ್ಪ, ಇಬ್ಬರೂ ಸುಮ್ಮನೆ ನಿಂತಿದ್ದಿರಿ.

ಹತ್ತು ದಿನಕ್ಕೆ ಅವರು ಹೊರಟುಹೋದರು. ಮರುವರ್ಷ ಕರೆಸೋಣ, ಅಷ್ಟರಲ್ಲಿ ಬೇರೆ ಕಾರು ಹುಡುಕೋಣ ಅಂತಿದ್ದೆ ನೀನು. ಆ ಮರುವರ್ಷ ಅವರು ತೀರಿಯೇಹೋದರು. ನೀನು ಮೈಸೂರಿಗೆ ಹೊರಟ ದಿನ ಏರ್‌ಪೋರ್ಟಿಗೆ ಬಿಟ್ಟವನು ನಾನೇ. ದಾರಿಯುದ್ದಕ್ಕೂ ನೀನು ಅಳುತ್ತಾ ಅಂದೆ, "ಆ ಕಾರು ಸರಿಯಾಗಿದ್ದಿದ್ರೆ ಒಂದಿನ ಆದ್ರೂ ಕೂರಿಸ್ಕೊಂಡು ಓಡಾಡ್ತಿದ್ದೆ ಅಣ್ಣ." ನಾನು ಸ್ಟೀರಿಂಗ್ ಹಿಡಿದುಕೊಂಡು "ನಮ್ಮ ಕೈಲಿ ಏನಿದೆ" ಅಂದೆ. ಆ ಮಾತು ಆಡಿದ ನಾಲಿಗೆ ಇನ್ನೂ ನನ್ನ ಬಾಯಲ್ಲೇ ಇದೆ.

ಇಷ್ಟು ವರ್ಷ ಬಾಯಿಬಿಡದೆ ಇದ್ದದ್ದಕ್ಕೆ ನನಗೆ ನಾನೇ ಕೊಟ್ಟುಕೊಂಡ ಸಬೂಬು ಒಂದೇ — ಹಿರಿಯರು ಅಂಗೇ ಇರ್ಲಿ ಅಂದಿದ್ದಾರೆ, ಅವರ ಮಾತು ಮೀರಬಾರದು. ಎಂಥ ಭಕ್ತಿ ನೋಡು! ಬದುಕಿದ್ದಾಗ ಒಮ್ಮೆಯೂ ಬಹುವಚನ ಕೊಡದವನಿಗೆ, ತನ್ನ ಚರ್ಮ ಉಳಿಸಿಕೊಳ್ಳುವ ಹೊತ್ತಿಗೆ ಅವರು ಹಿರಿಯರಾದರು. ಅವರು ಹಾಗೆಂದದ್ದು ನಿನ್ನ ಸಲುವಾಗಿ. ನಾನು ಅದನ್ನು ನನಗೆ ಕೊಟ್ಟ ಮಾಫಿ ಎಂಬಂತೆ ಜೇಬಿಗೆ ಹಾಕಿಕೊಂಡೆ.

ಮೊನ್ನೆ ನೀನು ಫೋನ್ ಮಾಡಿ, ಟಕ್ವಿಲಾದಲ್ಲಿ ಶನಿವಾರ ಇನ್ನೊಂದು ಹರಾಜಿದೆ, ಅದೇ ಮಾದರಿ ಬಂದಿದೆ, ಈ ಸಲ ಅಪ್ಪನ ನೆನಪಿಗೆ ತಗೋತೀನಿ ಅಂದೆ. "ನೀವೇ ಬಂದು ನೋಡ್ಬೇಕು ಅಣ್ಣ, ಬೇರೆ ಯಾರನ್ನೂ ನಂಬಲ್ಲ." ಹಿಂದಿನಿಂದ ನಿಧಿಯ ದನಿ ಕೇಳಿಸಿತು, "ದೊಡ್ಡಪ್ಪ ವಿಲ್ ನೋ!" — ನನಗೆ ಗೊತ್ತಾಗುತ್ತದೆಯಂತೆ. ಹನ್ನೆರಡು ವರ್ಷದ ಆ ಮಗುವೂ ನನ್ನ ಕಣ್ಣನ್ನು ನಂಬಿ ಕೂತಿದೆ. ಈ ಸಲ ನಿಜವನ್ನೇ ಹೇಳಿ, ಕಾರು ಕೊಡಿಸಿ, ಹಳೆಯದನ್ನು ಅದರಡಿ ಹೂತುಬಿಡಬಹುದಿತ್ತು. ಆ ಯೋಚನೆಯೂ ಬಂತು, ಅದನ್ನೂ ಮುಚ್ಚಿಡುವುದಿಲ್ಲ.

ನಿಮ್ಮಪ್ಪ ಕೆಟ್ಟುಹೋದ ಕಾರೊಂದನ್ನು ಕಂಡು ನಿರಾಸೆಯಿಂದ ಊರಿಗೆ ಹೋದರು ಎಂದು ನೀನು ನಂಬಿದ್ದೀಯ. ಅಲ್ಲ. ಇಂಜಿನ್ ಚೆನ್ನಾಗಿದೆ ಎಂದು ಆ ಗೋದಾಮಿನಲ್ಲಿ ಅವರಿಗೆ ಗೊತ್ತಿತ್ತು. ಒಂದು ಮಾತು ಆಡಿದ್ದರೆ ಆ ಭಾನುವಾರ ಹಿಂದಿನ ಸೀಟಿನಲ್ಲಿ ಕೂತು, ನಿನ್ನ ತಲೆಯ ಹಿಂಭಾಗವನ್ನು ನೋಡುತ್ತಾ ಊರು ಸುತ್ತುತ್ತಿದ್ದರು. ನಿನಗೆ ಒಬ್ಬ ಅಣ್ಣ ಉಳಿಯಲಿ ಎಂದು ಅವರು ಅದನ್ನು ಬಿಟ್ಟುಕೊಟ್ಟರು. ಅವರು ಬಿಟ್ಟುಕೊಟ್ಟದ್ದು ಎಷ್ಟು ಎಂಬುದು ನಿನಗೆ ಸೇರಬೇಕಾದದ್ದು, ಅದನ್ನು ಇನ್ನು ನಾನು ಇಟ್ಟುಕೊಳ್ಳಲಾರೆ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ ಎಂಬ ಭಯ ನನಗೆ. ಟಕ್ವಿಲಾಕ್ಕೆ ಈ ಕೆಲಸ ಬಲ್ಲ ಬೇರೆಯವರನ್ನು ಕರೆದುಕೊಂಡು ಹೋಗು, ನಿಧಿಯನ್ನೂ ಕರೆದುಕೊಂಡು ಹೋಗು. ಶನಿವಾರ ಬೆಳಿಗ್ಗೆ ನಾನು ಮನೆಯಲ್ಲೇ ಇರುತ್ತೇನೆ. ನೀನು ಬರದಿದ್ದರೆ ಅದು ಸರಿಯೇ.