ಎಲುಬಿಗೆ ಇಟ್ಟ ಹೆಸರು

ಪ್ಲಾಸ್ಟಿಕ್ ಹಾಳೆಯ ಅಂಚಿಗೆ ಹೇರಿದ ಕಲ್ಲುಗಳನ್ನು ಪಾಲಮ್ಮ ಒಂದೊಂದಾಗಿ ಎತ್ತಿ ಪಕ್ಕಕ್ಕಿಡುತ್ತಾಳೆ. ಸದ್ದಾಗದ ಹಾಗೆ ಇಡುತ್ತಾಳೆ. ಹಾಳೆಯ ಮೇಲೆ ನಿಂತ ಇಬ್ಬನಿಯನ್ನು ಒಂದು ಮೂಲೆಗೆ ಓಡಿಸಿ, ಹೊರಗೆ ಚೆಲ್ಲಿ, ಹಾಳೆ ಮಡಚಿ ಗುಂಡಿಯ ದಂಡೆಗೆ ಸರಿಸುತ್ತಾಳೆ. ಗುಡ್ಡದ ಬೆನ್ನು ಈಗಷ್ಟೇ ಕೆಂಪಾಗಿದೆ. ಎದೆಮಟ್ಟದ ಗುಂಡಿಯ ತಳದಲ್ಲಿ ಒಬ್ಬ ಹೆಂಗಸು ಬಲಮಗ್ಗುಲಾಗಿ, ಮೊಣಕಾಲು ಮಡಿಸಿ ಮಲಗಿದ್ದಾಳೆ. ಎಲುಬು ಮಾತ್ರ ಉಳಿದಿದೆ. ರಾತ್ರಿ ಕಣ್ಣಿನ ಗೂಡಿಗೆ ಹೊಕ್ಕ ಕರಿ ಹುಳುವೊಂದನ್ನು ಪಾಲಮ್ಮ ಬೆರಳ ತುದಿಯಲ್ಲಿ ಹಿಡಿದು ಹುಲ್ಲಿಗೆ ಬಿಡುತ್ತಾಳೆ. ಆಮೇಲೆ ಕುಂಚ ಹಿಡಿದು ಕೂರುತ್ತಾಳೆ. ಬಿಸಿಲು ಗುಂಡಿಗೆ ಇಳಿಯುವವರೆಗೆ ಇಲ್ಲಿ ಯಾರೂ ಮಾತಾಡುವುದಿಲ್ಲ. ಮೇಲಿನವರು ಹಾಕಿದ ಕಟ್ಟಳೆಯಲ್ಲ. ಕೂಲಿಗೆ ಬರುವ ಹೆಂಗಸರು ತಾವಾಗಿಯೇ ಪಾಲಿಸಿಕೊಂಡು ಬಂದದ್ದು.

ರಾಂಪುರದ ಟಾರು ರಸ್ತೆ ಬಿಟ್ಟು ಒಳಕ್ಕೆ ನಡೆದರೆ ಸಿಗುವ ಈ ಗುಡ್ಡದ ಬುಡದಲ್ಲಿ ಬಂಡೆಗಳನ್ನು ಬಳೆಯಂತೆ ದುಂಡಗೆ ನೆಟ್ಟಿದ್ದಾರೆ. ಸುತ್ತಲಿನ ಹಟ್ಟಿಗಳವರಿಗೆ ಇವು ಮೋರೇರ ಮನೆ. ಮೋರೇರು ಗೇಣುದ್ದದ ಜನ, ಬೆಂಕಿಮಳೆ ಬರುತ್ತದೆಂದು ಹೆದರಿ ಕಲ್ಲಿನ ಮನೆ ಕಟ್ಟಿಕೊಂಡು ಒಳಗೇ ಉಳಿದುಬಿಟ್ಟರು ಎಂದು ಅಜ್ಜಿಯರು ಹೇಳುತ್ತಾರೆ. ಇಲ್ಲಿ ಡೇರೆ ಹಾಕಿರುವ ಪುರಾತತ್ವದ ಪ್ರಾಧ್ಯಾಪಕ ಸೋಮಶೇಖರಪ್ಪನವರ ಪ್ರಕಾರ ಇವು ಸಮಾಧಿಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು. ೧೯೯೮ರ ಈ ಚಳಿಗಾಲ ಅವರ ಅಗೆತದ ಮೂರನೆಯ ಹಂಗಾಮು.

ಡೇರೆಯ ಕಥೆಗಳು ಅವರಿಗಿಂತ ಮೊದಲೇ ಚಳ್ಳಕೆರೆ ಮುಟ್ಟಿವೆ. ಕೊಪ್ಪರಿಗೆ ತುಂಬ ಚಿನ್ನ ಸಿಕ್ಕಿತಂತೆ, ಏಳು ಹೆಡೆಯ ಹಾವು ಎದ್ದಿತಂತೆ, ಕೂಲಿಯವನೊಬ್ಬ ಗುಂಡಿಯಲ್ಲೇ ರಕ್ತ ಕಾರಿದನಂತೆ. ಆ ಕೂಲಿಯವನು ಗುದ್ದಲಿ ಹಿಡಿಯುವ ಬೋರಣ್ಣ. "ಎಲೆ ಅಡಿಕೆ ಉಗುಳಿದೆ ಕಣ್ರಿ. ಅದು ಚಳ್ಳಕೆರೆ ಸಂತೆಗೆ ಹೋಗೋ ಹೊತ್ಗೆ ರಕ್ತ ಆಗೈತೆ" ಎನ್ನುತ್ತಾನೆ. ಹಾವು ಬಂದದ್ದು ದಿಟ. ಅದಕ್ಕೆ ಇದ್ದದ್ದು ಒಂದೇ ಹೆಡೆ, ಬಂದದ್ದು ಅಡಿಗೆ ಡೇರೆಯ ಮೊಟ್ಟೆಗೆ. ಸೋಮಶೇಖರಪ್ಪನವರೂ ನಗುತ್ತಾರೆ. "ನಮ್ಮ ಸಾಹಸ ಅಂದರೆ ಮಂಡಿನೋವು. ಇಡೀ ಬೆಳಗ್ಗೆ ಕೂತರೆ ಅಂಗೈ ಅಗಲದ ಮಣ್ಣು ಸರಿಯುತ್ತೆ. ಅದನ್ನ ಯಾರು ಕೇಳ್ತಾರೆ?"

ಆ ಅಂಗೈ ಅಗಲದ ಮಣ್ಣು ಸರಿಸುವವಳು ಪಾಲಮ್ಮ. ವಯಸ್ಸು ಐವತ್ತರ ಆಚೀಚೆ. ಮದುವೆಯಾಗಿ ಹಟ್ಟಿಗೆ ಬಂದಾಗಿನಿಂದ ಗಂಡ ಚಿತ್ತಯ್ಯನ ಹಿಂದೆ ಕುರಿ ಕಾಯ್ದವಳು. ಮೊದಲ ಹಂಗಾಮಿನಲ್ಲಿ ಮಣ್ಣಿನ ಬುಟ್ಟಿ ಹೊರಲು ಸೇರಿದಳು. ಒಂದು ಮಧ್ಯಾಹ್ನ ಬೋರಣ್ಣನ ಅಂಗಾಲಿನಿಂದ ಅವಳು ಜಾಲಿಮುಳ್ಳು ತೆಗೆದದ್ದನ್ನು ಸೋಮಶೇಖರಪ್ಪ ನೋಡಿದರು. ಮುಳ್ಳು ಹೊರಬಂದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಮರುದಿನ ಬುಟ್ಟಿ ಬಿಡಿಸಿ ಕೈಗೆ ಕುಂಚ ಕೊಟ್ಟರು. "ಕುರಿ ಗೊರಸಿನಾಗಿನ ಮುಳ್ಳು ತೆಗೆದಂಗೇ ಇದೂನೂ" ಎನ್ನುತ್ತಾಳೆ. "ನೋಯಿಸಬಾರ್ದು, ಅಷ್ಟೇ."

ಸಂಕ್ರಾಂತಿ ಕಳೆದ ವಾರ ಅವಳ ಕುಂಚಕ್ಕೆ ಒಂದು ಹಣೆ ಸಿಕ್ಕಿತು. ಮೂರು ದಿನಕ್ಕೆ ಮುಖ ಬಿಟ್ಟುಕೊಂಡಿತು. ಪಟ ಬರೆಯಲು ಬಂದಿರುವ ವಿದ್ಯಾರ್ಥಿನಿ ಸ್ವಪ್ನಳಿಗೆ ಹಿಗ್ಗೋ ಹಿಗ್ಗು. ಇಂಥ ಎಲುಬಿಗೆ ಬರೀ ನಂಬರು ಇರಬಾರದು, ಹುಡುಕಿದವರ ಹೆಸರೇ ಇರಲಿ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಲಮ್ಮನೂ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಂದಿನಿಂದ ಗುಂಡಿಯಲ್ಲಿ ಮಲಗಿದವಳು ಪಾಲಮ್ಮ.

ಮಣ್ಣು ಜರಡಿ ಹಿಡಿಯುವ ಈಶ್ವರಮ್ಮ ಮೊಳಕಾಲ್ಮುರಿನ ಮಗ್ಗದ ಮನೆಯವಳು. ನೂಲು ಸುತ್ತುವ ಕೆಲಸ ಕಡಿಮೆಯಾದಾಗ ಇಲ್ಲಿಗೆ ಬರುತ್ತಾಳೆ. ಕೀಟಲೆ ಮಾಡದಿದ್ದರೆ ಅವಳಿಗೆ ಹೊತ್ತು ಹೋಗದು. "ಏಮೇ ಪಾಲಮ್ಮಾ, ನಿನ್ನ ಎಡಗೈ ಪೊಟ್ಲ ಕಟ್ಟಿ ಇಟ್ಟವ್ರಂತೆ. ಈಗ ಬೀಸ್ತಾ ಇರೋದು ಯಾರ ಕೈಯೇ?"

"ನಿಮ್ಮತ್ತೇದು" ಎಂದು ಪಾಲಮ್ಮ ಮೊದಮೊದಲು ತಿರುಗಿ ಕೊಡುತ್ತಿದ್ದಳು. ಈಗ ಕೊಡುವುದಿಲ್ಲ.

ಡೇರೆಯಿಂದ ದಿನವಿಡೀ ಕೂಗು ಕೇಳುತ್ತದೆ. ಪಾಲಮ್ಮನ ತಲೆ ಅಲುಗಿಸಬೇಡಿ. ಪಾಲಮ್ಮನ ಪಕ್ಕೆ ಬರೆದಾಯ್ತಾ? ಪಾಲಮ್ಮನ ಮೇಲೆ ನೀರು ಬೀಳದ ಹಾಗೆ ನೋಡಿಕೊಳ್ಳಿ. ಒಂದು ಸಂಜೆ ಸೋಮಶೇಖರಪ್ಪ ಗುಂಡಿಯ ದಂಡೆಗೆ ಕೂತು ವಿದ್ಯಾರ್ಥಿಗಳಿಗೆ ಎಲುಬು ಓದುವುದನ್ನು ಹೇಳಿಕೊಡುತ್ತಿದ್ದರು. "ಪಾಲಮ್ಮನಿಗೆ ಎಡಗಡೆ ದವಡೆಹಲ್ಲು ಎರಡಿಲ್ಲ. ಸಾಯುವ ಮೊದಲೇ ಬಿದ್ದಿವೆ. ಕತ್ತಿನ ಎಲುಬು ಸವೆದಿದೆ ನೋಡಿ, ಬಹಳ ವರ್ಷ ತಲೆ ಮೇಲೆ ಭಾರ ಹೊತ್ತಿದ್ದಾಳೆ." ಮಾರುದೂರದಲ್ಲಿ ಕುಂಚ ತೊಳೆಯುತ್ತಿದ್ದ ಪಾಲಮ್ಮನ ನಾಲಿಗೆ ತನ್ನಷ್ಟಕ್ಕೆ ಎಡದವಡೆಗೆ ಹೋಯಿತು. ಅಲ್ಲಿನ ಎರಡು ಹಲ್ಲನ್ನು ಚಳ್ಳಕೆರೆಯ ಡಾಕ್ಟರು ಹಿಂದಿನ ವರ್ಷ ಕಿತ್ತಿದ್ದಾರೆ. ಅವಳು ಕುಂಚದಲ್ಲಿ ಮಣ್ಣು ಹೋದ ಮೇಲೂ ತೊಳೆಯುತ್ತಲೇ ಇದ್ದಳು.

ಚಿತ್ತಯ್ಯನಿಗೆ ಬೇರೆಯದೇ ದಿಗಿಲು. "ಕುರಿ ರೊಪ್ಪದಿಂದ ಕರೀತೀನಿ, ಓ ಅನ್ನಲ್ಲ. ಎದುರಿಗೇ ಕುಂತಿರ್ತಾಳೆ. ಕಿವಿ ಚೆನ್ನಾಗೈತೆ, ಮರಿ ಅತ್ತರೆ ಎದ್ದೋಗ್ತಾಳೆ. ಹೆಸರಿಡಿದು ಕರೆದರೆ ಮಾತ್ರ ಏಳಲ್ಲ."

ಪಾಲಮ್ಮ ನೆಲ ನೋಡುತ್ತ ಇದಕ್ಕೆ ಕಾರಣ ಹೇಳುತ್ತಾಳೆ. "ಗುಂಡಿಯಾಗೂ ಹಂಗೇ. ಪಾಲಮ್ಮ ಅಂತಾರೆ. ಮೊದ್ಲು ಆಯಮ್ಮ ಏಳ್ತಾಳೇನೋ ಅಂತ ನೋಡ್ತೀನಿ. ಅವಳು ಏಳಲಿಲ್ಲ ಅಂದ್ರೆ ನಾನು ಏಳ್ತೀನಿ." ಆಮೇಲೆ, "ಒಂದಿನ ಆಯಮ್ಮ ಎದ್ರೆ?" ಎನ್ನುತ್ತಾಳೆ.

ಪಾಲಮ್ಮ ಎಂಬುದು ಅವಳ ಅಜ್ಜಿಯ ಹೆಸರು. ಅಜ್ಜಿ ತೀರಿದ ಮೇಲೆ ಹುಟ್ಟಿದ್ದರಿಂದ ಇವಳಿಗೆ ಬಂತು. ಅವಳ ಮನೆತನದಲ್ಲಿ ಹೆಸರು ಹಾಗೆ ಇಳಿಯುತ್ತದೆ, ಒಬ್ಬರು ಕಣ್ಣು ಮುಚ್ಚಿದ ಮೇಲೆ ಇನ್ನೊಬ್ಬರಿಗೆ. "ಸತ್ತೋರ ಹೆಸರು ಬದುಕಿರೋರಿಗೆ ಇಡ್ತೀವಿ. ಬದುಕಿರೋರ ಹೆಸರು ಸತ್ತೋರಿಗೆ ಇಟ್ಟಿದ್ದು ಎಲ್ಲೂ ಕಂಡಿಲ್ಲ. ನಾಳೆ ನಾನು ಹೋದ ಮ್ಯಾಲೆ ಮನೆಯಾಗ ಹುಟ್ಟೋ ಕೂಸಿಗೆ ಏನಂತ ಕರೀತಾರೆ? ಹೆಸರು ಎಲುಬಿನ ಜೊತೆ ಪೆಟ್ಟಿಗೆಯಾಗೆ ಹೋಗಿರ್ತೈತೆ."

ಹೋದ ವಾರ ಅವಳು ಇದನ್ನು ಸೋಮಶೇಖರಪ್ಪನವರ ಮುಂದೆ ಹೇಗೋ ಹೇಳಿದಳು. ಅವರು ಕುರ್ಚಿ ಬಿಟ್ಟು ಎದ್ದು ನಿಂತು ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ. "ಇದು ಗೌರವ ಪಾಲಮ್ಮ. ದೊಡ್ಡ ದೊಡ್ಡ ಸಭೆಗಳಲ್ಲಿ ಓದ್ತಾರೆ. ಇನ್ನು ನಿಮ್ಮ ಹೆಸರು ಸಾಯೋದೇ ಇಲ್ಲ."

"ಸಾಯದಿದ್ರೆ ಇಳಿಯೋದು ಹೆಂಗ್ರಿ?"

ಅವರು ಭುಜ ತಟ್ಟಿ, ಟೀ ತರಿಸಿಕೊಟ್ಟರು.

ಇವತ್ತು ಹಂಗಾಮಿನ ಕಡೆಯ ದಿನ. ಉಳಿದ ಎಲುಬುಗಳನ್ನು ಅವು ಮಲಗಿದ್ದ ಹಾಗೆಯೇ, ಸುತ್ತಲಿನ ಮಣ್ಣಿನ ಸಮೇತ ಗಟ್ಟಿಮಾಡಿ ಮರದ ಪೆಟ್ಟಿಗೆಗೆ ಇಳಿಸಿದ್ದಾರೆ. ಮಧ್ಯಾಹ್ನದ ಬಿಸಿಲಲ್ಲಿ ಗುಂಡಿಯ ತಳ ಖಾಲಿ. ಮಣ್ಣಿನಲ್ಲಿ ಮಗ್ಗುಲ ಗುರುತು ಮಾತ್ರ ಇದೆ, ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯಂತೆ. ಸ್ವಪ್ನ ಪೆಟ್ಟಿಗೆಯ ಮುಚ್ಚಳದ ಮೇಲೆ ನೀಲಿ ಬಣ್ಣದಲ್ಲಿ ಮೂರಕ್ಷರ ಬರೆದಿದ್ದಾಳೆ. ಪಾಲಮ್ಮನಿಗೆ ಓದು ಬಾರದು. "ನಿಮ್ಮ ಹೆಸರೇ ಅಕ್ಕ, ಮುಟ್ಟಿ ನೋಡಿ, ಒಣಗಿದೆ" ಎಂದು ಸ್ವಪ್ನ ಕರೆಯುತ್ತಾಳೆ. ಪಾಲಮ್ಮ ಮುಟ್ಟುವುದಿಲ್ಲ.

ಪೆಟ್ಟಿಗೆ ಲಾರಿಗೆ ಏರಬೇಕು. ಬೋರಣ್ಣ ಮತ್ತು ಉಳಿದ ಗಂಡಸರು ಹೆಗಲು ಕೊಟ್ಟಿದ್ದಾರೆ.

"ಲೇ, ಪಾಲಮ್ಮನ್ನ ನಿಧಾನ ಎತ್ರೋ."

"ತಲೆ ಯಾವ ಕಡೆ?"

"ತಲೆ ಈ ಕಡೆ. ಅವಳ ಕಾಲು ಮೊದ್ಲು ಒಳಕ್ಕೆ ಹೋಗ್ಲಿ."

ಈಶ್ವರಮ್ಮ ಕೂಡ ಇವತ್ತು ಕೀಟಲೆ ಮಾಡದೆ ಪಾಲಮ್ಮನ ಮೊಣಕೈ ಹಿಡಿದುಕೊಂಡಿದ್ದಾಳೆ. ಚಾಲಕ ಎಂಜಿನ್ ಚಾಲೂ ಮಾಡುತ್ತಾನೆ. ಪಾಲಮ್ಮ ಕೈ ಬಿಡಿಸಿಕೊಂಡು ಲಾರಿಯ ಹಿಂಬಾಗಿಲಿಗೆ ನಡೆಯುತ್ತಾಳೆ. ಜನರ ನಡುವೆ ದನಿ ಎತ್ತಿ ರೂಢಿಯಿಲ್ಲದವಳು ಎತ್ತಿ ಹೇಳುತ್ತಾಳೆ. ಲಾರಿಯ ಮೇಲೆ ಬೋರಣ್ಣ ಹಗ್ಗ ಬಿಗಿಯುತ್ತಿದ್ದಾನೆ, ಜೊತೆಗೆ ಹತ್ತಿದ ಸೋಮಶೇಖರಪ್ಪ ಗಂಟು ಮುಟ್ಟಿ ನೋಡುತ್ತಿದ್ದಾರೆ. ಸ್ವಪ್ನ ಮಾತ್ರ ತಿರುಗಿ ನೋಡಿ, ಮತ್ತೆ ತಲೆ ತಗ್ಗಿಸುತ್ತಾಳೆ. ಲಾರಿ ಒಂದು ಸಲ ಕುಲುಕಿ ಮುಂದಕ್ಕೆ ಸರಿಯುತ್ತದೆ. ಪಾಲಮ್ಮ ಅದರ ಜೊತೆಗೇ ಹೆಜ್ಜೆ ಹಾಕುತ್ತ ಇನ್ನೊಮ್ಮೆ ಹೇಳುತ್ತಾಳೆ.

"ಸಾರ್, ಆಯಮ್ಮಂಗೆ ಬೇರೆ ಹೆಸರು ಇಡ್ರಿ."