ಸೈಲೋ ಮೇಲೆ ಎಡ್ನಾಳ ಗೇಟು

ಎಡ್ನಾ ಟ್ರೆಲೋರ್‌ಗೆ ದ್ರೋಹ ಮಾಡಿದವರು ಯಾರು ಎಂದು ಕೇಳಿ ನೋಡಿ, ನಮ್ಮ ವಾರಂಡಿ ಊರಿನಲ್ಲಿ ಎಲ್ಲರೂ ಗ್ಲೆನಿಸ್ ಕಡೆ ಬೆರಳು ತೋರಿಸುತ್ತಾರೆ. ಸುಳ್ಳು. ಅವತ್ತು ಇಪ್ಪತ್ತಮೂರು ಜನ ಕೈ ಎತ್ತಿದ್ದೆವು. ಅದರಲ್ಲಿ ಒಂದು ಕೈ ನನ್ನದು. ಈ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿದ ಕೈ.

ಎಡ್ನಾ ಇಲ್ಲೇ ಹುಟ್ಟಿದವಳು, ಇಲ್ಲಿಯ ಗೋಧಿ ರೈತನನ್ನೇ ಮದುವೆಯಾದವಳು. ಗಂಡ ತೀರಿಕೊಂಡ ವರ್ಷವೇ ಊರಿನ ಶಾಲೆ ಮುಚ್ಚಿತು. ಆಮೇಲೆ ಬ್ಯಾಂಕು, ಆಮೇಲೆ ಫುಟ್‌ಬಾಲ್ ತಂಡ. ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದುದು ಮಣ್ಣಿಗೆ ಹೋದಾಗ ಮಾತ್ರ. "ಯಾರಾದ್ರೂ ಸತ್ರೆ ಮಾತ್ರ ಸೇರೋದಾದ್ರೆ ಇದನ್ನ ಊರು ಅಂತ ಯಾಕ್ರೇ ಕರೀಬೇಕು?" ಎಂದು ಬೈದು, ಊರಿನ ಸಭಾಂಗಣದ ಬೀಗದ ಕೈ ಇಸಕೊಂಡು ಬಂದು, ಅಂಗಡಿ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು. ಪ್ರತಿ ತಿಂಗಳ ಮೊದಲ ಶುಕ್ರವಾರ, ಮಧ್ಯಾಹ್ನ ಎರಡಕ್ಕೆ. ಒಂದು ತಟ್ಟೆ ತನ್ನಿ, ಒಂದು ಕತೆ ತನ್ನಿ. ತಟ್ಟೆ ತನ್ನಿ ಎಂದರೆ ನಮ್ಮ ಕಡೆ ಮನೆಯಿಂದ ಏನಾದರೂ ತಿಂಡಿ ಮಾಡಿ ತನ್ನಿ ಎಂದರ್ಥ.

ಹೆಂಡತಿ ತೀರಿಕೊಂಡ ಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದ ಮುದುಕ ಮರ್ವ್ ಮೊದಲ ದಿನ ನಿಜವಾಗಿಯೂ ಖಾಲಿ ತಟ್ಟೆ ಹಿಡಿದು ಬಂದ. "ತಟ್ಟೆ ಅಂದ್ರೆ ಬರೀ ತಟ್ಟೆ ತಂದ್ಯಲ್ಲೋ, ನಿನ್ನ ತಲೇನೂ ಹಾಗೇ ಖಾಲೀನಾ?" ಎಂದಳು ಎಡ್ನಾ. ಅವನು ನಕ್ಕ. ಅವನು ನಕ್ಕಿದ್ದನ್ನು ನೋಡಿ ಎರಡು ವರ್ಷವಾಗಿತ್ತು.

ಅವಳದು ಒಂದೇ ಕಟ್ಟಳೆ. ಕತೆ ಹೇಳಿದವರನ್ನು ಯಾರೂ ಪ್ರಶ್ನೆ ಕೇಳಕೂಡದು. ಹೇಳಿದಷ್ಟು ಕೇಳು, ಚಹಾ ಕುಡಿ, ಎದ್ದು ಹೋಗು. ಆ ಕಟ್ಟಳೆಯಿಂದಲೇ ಬಾಯಿಗಳು ಬಿಚ್ಚಿಕೊಂಡವು. ಯಾರು ಎಷ್ಟು ಅತ್ತರೋ, ಯಾರು ಯಾರ ಜೊತೆ ಮತ್ತೆ ಮಾತಾಡತೊಡಗಿದರೋ! ಊರು ಉಸಿರಾಡತೊಡಗಿತು. ಕೇಳಿದ್ದನ್ನು ಹೊರಗೆ ಹೇಳಬೇಡಿ ಎಂಬ ಕಟ್ಟಳೆ ಮಾತ್ರ ಇರಲಿಲ್ಲ. ಅದನ್ನೂ ಬಾಯಿಬಿಟ್ಟು ಹೇಳಬೇಕಿತ್ತೇ?

ಮೂರನೇ ಚಳಿಗಾಲದಲ್ಲಿ ಎಡ್ನಾ ತನ್ನ ಕತೆ ಹೇಳಿದಳು. ಅವಳಿಗೆ ಒಂಬತ್ತು ವರ್ಷವಿದ್ದಾಗ, ಕುರಿಗಳ ನೀರಿನ ಹೊಂಡದ ಗೇಟಿಗೆ ಚಿಲಕ ಹಾಕುವುದನ್ನು ಮರೆತಳು. ನಾಲ್ಕು ವರ್ಷದ ತಮ್ಮ ರಾಬಿ ಒಳಗೆ ಹೋಗಿ ಮುಳುಗಿದ. ಅಪ್ಪ ಊರಿಗೆಲ್ಲ, ಮನೆಯವರಿಗೂ, "ಗೇಟು ತೆಗೆದಿಟ್ಟವನು ನಾನೇ" ಎಂದುಬಿಟ್ಟ. ಸಾಯುವ ತನಕ ಹಾಗೇ ಎಂದ. "ಅಪ್ಪ ನನ್ನ ಪಾಪ ಹೊತ್ಕೊಂಡು ಹೋದ" ಎಂದು ಹೇಳಿ ಕೂತಳು. ನಾವು ಯಾರೂ ಏನೂ ಕೇಳಲಿಲ್ಲ. ಚಹಾ ಕುಡಿದೆವು.

ಮುಂದಿನ ವಸಂತದಲ್ಲಿ ರೈಲು ಹಳಿಯ ಪಕ್ಕದ ಹಳೇ ಸೈಲೋ, ಅಂದರೆ ಗೋಧಿ ತುಂಬಿಡುವ ಗೋಪುರದಂಥ ಕಣಜದ ಮೇಲೆ ಚಿತ್ರ ಬರೆಸಬೇಕೆಂದು ಸಭೆ ಕರೆದರು. ಅಕ್ಕಪಕ್ಕದ ಊರುಗಳೆಲ್ಲ ಬರೆಸಿದ್ದವು, ಪ್ರವಾಸಿಗಳ ಕಾರುಗಳು ಅಲ್ಲೇ ನಿಲ್ಲುತ್ತಿದ್ದವು. ನಮ್ಮ ಬೇಕರಿಯ ಮುಂದೆ ನೊಣ ಮಾತ್ರ. ಎಡ್ನಾ ಆಗ ಎರಡೂ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಂಡಿಗೋದಲ್ಲಿರುವ ಮಗಳ ಮನೆಗೆ ಹೋಗಿದ್ದಳು, ಎರಡು ತಿಂಗಳು ಬರುವಂತಿರಲಿಲ್ಲ.

"ಕುರಿ, ಗೋಧಿ ಎಲ್ಲರೂ ಬರೆಸಿದಾರೆ. ನಾವು ಎಡ್ನಾ ಕತೆ ಬರೆಸೋಣ" ಎಂದಳು ಗ್ಲೆನಿಸ್. ಎಡ್ನಾಳ ಜೊತೆ ಐವತ್ತು ವರ್ಷದ ಗೆಳೆತನ ಅವಳದು. "ಊರಿಗೆ ಇಷ್ಟು ಮಾಡಿದಾಳೆ. ಬಂದು ನೋಡಿ ಖುಷಿಪಡ್ಲಿ."

ಮರ್ವ್ ಮಾತ್ರ ಗೊಣಗಿದ. "ಅವಳನ್ನ ಒಂದು ಮಾತು ಕೇಳೋದಲ್ವಾ?"

"ಏನೂ ಕೇಳಬಾರದು ಅಂತ ಅವಳದೇ ಕಟ್ಟಳೆ ಅಲ್ವೇನೋ!" ಎಂದು ಯಾರೋ ಅಂದರು. ಎಲ್ಲರೂ ಗೊಳ್ಳೆಂದು ನಕ್ಕೆವು. ಕೈ ಎತ್ತಿದೆವು. ಮರ್ವ್ ಎತ್ತಲಿಲ್ಲ.

ಎಡ್ನಾಳ ಅಕ್ಕ ವಾಲ್ಡಾಳನ್ನೂ ಗ್ಲೆನಿಸ್ ಕಾಗದ ಬರೆದು ಕರೆದಳು. ಮಿಲ್ಡೂರಾದಲ್ಲಿದ್ದ ವಾಲ್ಡಾ ತಮ್ಮ ಸತ್ತ ವರ್ಷ ಮನೆ ಬಿಟ್ಟವಳು. ಅವಳಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ನಾವು ಯೋಚಿಸಲೇ ಇಲ್ಲ. ಆ ಕಾಗದಕ್ಕೆ ಮುದ್ರೆ ಒತ್ತಿದ್ದೂ ನಾನೇ.

ಉದ್ಘಾಟನೆಯ ದಿನ ಎಡ್ನಾಳನ್ನು ಮಗಳು ನೇರ ಸೈಲೋ ಹತ್ತಿರವೇ ಕರೆತಂದಳು. ಮೂವತ್ತು ಮೀಟರ್ ಎತ್ತರಕ್ಕೆ ಕಂದು ಹೊಲ, ಹೊಂಡ, ತೆರೆದ ಗೇಟು. ಗೇಟಿನ ಮೇಲೆ ಕೈಯಿಟ್ಟ, ಎರಡು ಜಡೆಯ ಹುಡುಗಿ. ಚಿತ್ರ ಚೆನ್ನಾಗಿತ್ತು, ಹಾಳಾದ್ದು ಎಷ್ಟು ಚೆನ್ನಾಗಿತ್ತೆಂದರೆ ನಾವೆಲ್ಲ ಚಪ್ಪಾಳೆ ಹೊಡೆದೆವು.

ಎಡ್ನಾ ಚಿತ್ರ ನೋಡಲೇ ಇಲ್ಲ. ಅಕ್ಕನನ್ನು ನೋಡುತ್ತಿದ್ದಳು.

ಎಂಬತ್ತೆರಡರ ವಾಲ್ಡಾ ಕೋಲೂರಿ ನಿಂತು ಚಿತ್ರ ನೋಡಿದಳು. "ಆ ಜಡೆ ನಿಂದು" ಎಂದಳು. "ಗೇಟು ತೆಗೆದವಳು ನೀನಾ?"

"ಹೂಂ."

"ಅಪ್ಪನ ಹತ್ರ ನಾನು ಮೂವತ್ತು ವರ್ಷ ಮಾತಾಡ್ಲಿಲ್ಲ. ಅವನ ಮಣ್ಣಿಗೂ ಬರ್ಲಿಲ್ಲ. ನೀನು ಪ್ರತಿ ಕ್ರಿಸ್‌ಮಸ್‌ಗೂ ನನ್ನ ಮನೇಲಿ ಉಂಡು ಹೋಗ್ತಿದ್ದೆ. ಒಂದು ದಿನ ಹೇಳಲಿಲ್ವಲ್ಲೇ?"

"ಹೇಳಿದ್ರೆ ನೀನೂ ನನ್ನ ಪಾಲಿಗೆ ಇರ್ತಿರ್ಲಿಲ್ಲ ಅಂತ ಹೆದರಿದೆ ಅಕ್ಕಾ."

ವಾಲ್ಡಾ ಕಾರು ಹತ್ತಿದಳು. ಸಭಾಂಗಣದಲ್ಲಿ ಮೇಜಿನ ತುಂಬ ಸ್ಕೋನು, ಸಾಸೇಜ್ ರೋಲು ಅಂತ ತಿಂಡಿ ಇಟ್ಟಿದ್ದೆವು. ಯಾರೂ ಮುಟ್ಟಲಿಲ್ಲ. ಗ್ಲೆನಿಸ್ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ನನಗೆ ಅವಳ ಮೇಲೆ ಸಿಟ್ಟೇ ಬಂತು. ಅಳುವ ಹಕ್ಕು ಅವಳಿಗೆಲ್ಲಿಯದು?

ಮಾರನೇ ಬೆಳಿಗ್ಗೆ ನಾನು ಎಡ್ನಾಳ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಳು. ಕ್ಷಮಿಸು ಎಂದೆ. ನಿನ್ನ ಒಳ್ಳೆಯದಕ್ಕೇ ಎಂದುಕೊಂಡಿದ್ದೆವು ಎಂದೆ.

"ಒಂದು ಪ್ರಶ್ನೆ ಕೇಳ್ತೀನಿ" ಎಂದಳು. "ಕೈ ಎತ್ತಿದಾಗ ನಿನ್ನ ತಲೇಲಿ ಯಾರಿದ್ರು? ನಾನಾ, ಆ ಪ್ರವಾಸಿ ಕಾರಿನವರಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಕಾರಿನವರು" ಎಂದೆ.

ಅವಳು ತಲೆಯಾಡಿಸಿ ಬಾಗಿಲು ಹಾಕಿಕೊಂಡಳು.