ಮುಸುರೆ ಮಡಕೆ

ನನ್ನ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕದಲ್ಲಿ ಮೂಳೆ ಇಟ್ಟವಳು ಶಾಂತಲಾ. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿರುವ ನಮ್ಮಣ್ಣ ಚಿಕ್ಕಬೀರಯ್ಯನ ಮಗಳು. ತುಮಕೂರಿನಲ್ಲಿ ಕಾಲೇಜು ಸೇರಿದಾಗಿನಿಂದ ಬಟವಾಡಿಯ ನಮ್ಮ ಮನೆಯಲ್ಲೇ ಇದ್ದಾಳೆ. ನನ್ನ ಗಂಡ ರಂಗನಾಥ್ ಕುಣಿಗಲ್ ಆಫೀಸಿನಿಂದ ಹಸಿದು ಬಂದು ಮೊಸರು ತೆಗೆಯಲು ಹೋದರೆ ಕವರಿನೊಳಗಿಂದ ಕುರಿಯ ದವಡೆ ಹಲ್ಲು ಕಿರಿದಿತ್ತು. ಆ ಹೊತ್ತು ಅವರು ಊಟ ಮಾಡಲಿಲ್ಲ.

"ಥೂ, ಏನೇ ಇದು ಅಸಹ್ಯ! ಮನೆ ಅಂದ್ಕೊಂಡಿದೀಯೋ ಮಸಣ ಅಂದ್ಕೊಂಡಿದೀಯೋ?"

"ಹಳೇ ಮೂಳೆ ಜೊತೆ ಹೋಲ್ಸಿ ನೋಡೋಕೆ ಕಣತ್ತೆ. ಸೋಮವಾರ ತಗೊಂಡೋಗ್ತೀನಿ."

ಅವಳು ಓದುತ್ತಿದ್ದುದು ಪುರಾತತ್ವ ವಿಜ್ಞಾನ ಎಂಬ ಹೊಸ ಡಿಗ್ರಿ. ಗುಡಿ, ಶಾಸನ, ರಾಜರು ಅಂತ ನಾನು ತಿಳಿದಿದ್ದೆ. ಅದಲ್ಲ. ಬೆಳಿಗ್ಗೆ ರಸಾಯನಶಾಸ್ತ್ರ, ಆಮೇಲೆ ಮಣ್ಣು, ಆಮೇಲೆ ಮೂಳೆ, ಮಧ್ಯಾಹ್ನ ಚರಿತ್ರೆ, ಸಂಜೆ ಕಂಪ್ಯೂಟರ್. ಬಂದ ಮೇಷ್ಟ್ರುಗಳು ತಂತಮ್ಮ ಪಾಠ ಒಪ್ಪಿಸಿ ಹೋಗುತ್ತಿದ್ದರು. ಅದನ್ನೆಲ್ಲ ಕೂಡಿಸಿ ಒಂದು ಮಾಡಿಕೊಳ್ಳುವ ಕರ್ಮ ಮಕ್ಕಳದು. ಕಾಲೇಜಿನ ಜಾಹೀರಾತಿನಲ್ಲಿ ದೊಡ್ಡ ಮೈಕ್ರೋಸ್ಕೋಪಿನ ಫೋಟೋ ಇತ್ತು. ನಿಜವಾದ ಮೈಕ್ರೋಸ್ಕೋಪು ಬೀರುವಿನೊಳಗೆ ಬೀಗದಲ್ಲಿತ್ತು, ತಪಾಸಣೆಯವರು ಬಂದಾಗ ಮಾತ್ರ ಹೊರಗೆ ಬರುತ್ತಿತ್ತು. ಅಂಥ ಕಾಲೇಜಿಗೆ ಪೌಡರು ಹಚ್ಚಿಕೊಂಡು ಹೋಗುವ ಮಕ್ಕಳನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಆದರೆ ಹುಡುಗಿಗೆ ಅದರ ಹುಚ್ಚು ಹಿಡಿದಿತ್ತು. ನಾನು ಸಿಂಕಿಗೆ ಹಾಕಿದ ಸೀದ ಬಾಣಲೆಯನ್ನು ಎತ್ತಿ ಮೂಸುತ್ತಿದ್ದಳು.

"ತಾವ್ ಏನ್ ಉಂಡ್ವಿ ಅಂತ ಹಿಂದಿನೋರು ಎಲ್ಲೂ ಹೇಳಿಲ್ಲ ಅತ್ತೆ. ಪಾತ್ರೆ ತಳದಲ್ಲಿ ಉಳಿದಿರ್ತದೆ."

"ಅಂದ್ರೆ ಕಂಡೋರ್ ಮುಸುರೆ ಓದೋಕೆ ಫೀಸ್ ಕಟ್ಟಿದೀಯ ಅನ್ನು."

"ಹೂಂ," ಎಂದಳು, ಏನೋ ಬಹುಮಾನ ಬಂದವಳ ಹಾಗೆ.

ಕೊನೆಯ ವರ್ಷ ನಮ್ಮಣ್ಣ ತೆಂಗಿನ ಸಸಿಗೆ ಗುಣಿ ತೆಗೆಸುವಾಗ ಜೆಸಿಬಿಗೆ ಚಪ್ಪಡಿ ಕಲ್ಲು ತಗುಲಿತು. ಕೆಳಗೆ ಹಳೇ ಕಾಲದ ಸಮಾಧಿ. ಶಾಂತಲಾ ಹಟ ಹಿಡಿದು ಇಲಾಖೆಗೆ ತಿಳಿಸಿದಳು. ಅವರು ಬಂದು ಮಿಕ್ಕಿದ್ದನ್ನೆಲ್ಲ ತೆಗೆದುಕೊಂಡು, ಒಂದು ಮಡಕೆಯನ್ನು ಪರೀಕ್ಷೆಗೆಂದು ಇವಳ ಕಾಲೇಜಿಗೆ ಒಪ್ಪಿಸಿದ್ದೆಂದು ಬರೆದು ಇವಳ ಕೈಗೇ ಕೊಟ್ಟು ಹೋದರು. ಅದರ ತಳದಲ್ಲಿ ಕರ್ರಗೆ ಹೆಪ್ಪುಗಟ್ಟಿದ ಪದರವಿತ್ತು. ಅದು ಅಂದಿನ ಊಟವೇ ಇರಬೇಕು ಅನ್ನುವುದು ಇವಳ ನಂಬಿಕೆ. ಬೆಂಗಳೂರಿನ ಒಂದು ಲ್ಯಾಬು ಪರೀಕ್ಷೆ ಮಾಡಲು ಒಪ್ಪಿತು, ಇವಳನ್ನೂ ಆ ಕೆಲಸಕ್ಕೆ ಕರೆಯಿತು. ಅವಳ ಮುಂದಿನ ಓದೆಲ್ಲ ಆ ಕರಿಯ ಪದರದ ಮೇಲೆ ನಿಂತಿತ್ತು.

ಸಾಗಿಸಲು ಪೆಟ್ಟಿಗೆ ತರಬೇಕೆಂದು ಮಡಕೆಯನ್ನು ಊರಿನ ಮನೆಯಲ್ಲೇ ಬಿಟ್ಟು ಬಂದಳು. ತಾಯಿ ಸಿದ್ದಗಂಗಮ್ಮನಿಗೆ "ಜೋಪಾನ" ಅಂತ ಹೇಳಿ ಬಂದಿದ್ದಳು. ಜೋಪಾನ ಅಂದರೆ ನಮ್ಮತ್ತಿಗೆಗೆ ಗೊತ್ತಿರುವುದು ಒಂದೇ, ತೊಳೆದು ಬೋರಲು ಹಾಕುವುದು.

ಪೆಟ್ಟಿಗೆ ಹಿಡಿದುಕೊಂಡು ನಾನೂ ಅವಳ ಜೊತೆ ಹೋಗಿದ್ದೆ. ಜಗಲಿಯ ಮೇಲೆ ಮಡಕೆ ಬೋರಲು ಬಿದ್ದು ಥಳಥಳ ಹೊಳೆಯುತ್ತಿತ್ತು. ಶಾಂತಲಾ ಅದನ್ನೆತ್ತಿ ಒಳಗೆ ಬೆರಳಾಡಿಸಿದಳು.

"ಅಮ್ಮಾ, ಏನ್ ಮಾಡ್ದೆ ಇದುನ್ನ?"

"ಶುಕ್ರವಾರ ಕಣವ್ವ. ದೀಪ ಹಚ್ಚೋ ಮನೇಲಿ ಯಾರ್ದೋ ಮುಸುರೆ ಹಂಗೇ ಇಕ್ಕಂಡಿರಾಕಾಯ್ತದಾ? ಬೂದಿ, ಸೋಪಿನ್ ಪುಡಿ ಎಲ್ಡೂ ಹಾಕಿ ನಾರಲ್ಲಿ ಉಜ್ಜುದೆ. ಎಂಗ್ ಅಂಟ್ಕಂಡಿತ್ತು ಅಂತೀಯ!"

ನಾನಾಗಿದ್ದರೂ ತೊಳೆಯುತ್ತಿದ್ದೆ. ಮುಸುರೆ ಪಾತ್ರೆಯನ್ನು ಹಾಗೇ ಬಿಟ್ಟು ಮಲಗುವ ಹೆಂಗಸು ನಮ್ಮ ಕಡೆ ಯಾರಿದ್ದಾರೆ? ಹುಡುಗಿಗೆ ಅದನ್ನು ಹೇಳುವ ಹಾಗಿರಲಿಲ್ಲ. "ನಿನ್ ಕೈ ಮುರಿದೋಗ್ಬಾರ್ದಿತ್ತಾ" ಎಂದು ಹೆತ್ತ ತಾಯಿಗೆ ಅಂದುಬಿಟ್ಟಳು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಅಂದಿನಿಂದ ಮಗಳು ಮಾತು ಬಿಟ್ಟಳು. ಅತ್ತಿಗೆ ನನಗೆ ಫೋನ್ ಮಾಡಿ "ಉಂಡ್ಲಾ?" ಅಂತ ಕೇಳುತ್ತಿದ್ದರು, ಇವಳು ಎದ್ದು ಮಹಡಿಗೆ ಹೋಗುತ್ತಿದ್ದಳು.

ತೊಳೆದ ಮಡಕೆ ಹಿಡಿದು ಇವಳು ವಿಭಾಗದ ಮುಖ್ಯಸ್ಥ ಅಂಜನ್‌ಕುಮಾರ್ ಎಂಬವರ ಹತ್ತಿರ ಹೋಗಿ ನಡೆದದ್ದನ್ನು ಹೇಳಿದಳು. ಆ ಮನುಷ್ಯ ಕೊಟ್ಟ ಬುದ್ಧಿಯನ್ನು ಇವಳು ಮನೆಗೆ ಬಂದು ಹೇಳಿದಾಗ ನಾನು ಥೂ ಅಂದೆ.

"ನಿಮ್ಮನೇಲಿ ರಾಗಿ ಹಿಟ್ಟಿಲ್ವೇನಮ್ಮ? ಇದ್ರಲ್ಲೇ ಒಂಚೂರು ತಳ ಹತ್ತಿಸ್ಕೊಂಡು ಬಾ," ಎಂದರಂತೆ.

"ಸರ್, ಹೊಸದು ಅಂತ ಲ್ಯಾಬಲ್ಲಿ ಗೊತ್ತಾಗುತ್ತೆ."

"ರಿಸಲ್ಟ್ ಬರೋ ಹೊತ್ತಿಗೆ ಅಡ್ಮಿಷನ್ ಮುಗ್ದಿರುತ್ತೆ. ಸೀಟ್ ತುಂಬದಿದ್ರೆ ಕೋರ್ಸೇ ಮುಚ್ತಾರೆ. ಮುಚ್ಚಿದ್ ಕೋರ್ಸಿನ ಡಿಗ್ರಿ ಇಟ್ಕೊಂಡು ಏನ್ ಮಾಡ್ತೀಯ?"

ಇವಳು ಆಗಲ್ಲ ಎಂದಳು. "ಸರಿ, ಮಡಕೆ ಇಲ್ಲಿಟ್ಟು ಹೋಗು" ಎಂದರು. ಕಾಲೇಜಿಗೆ ಒಪ್ಪಿಸಿದ ಮಡಕೆ, ಇವಳು ಇಟ್ಟು ಬಂದಳು.

ಇಷ್ಟಾದ ಮೇಲೆ ಕಾಲೇಜಿನಲ್ಲಿ ದೊಡ್ಡ ಸಮಾರಂಭ. ಪ್ರಾಚೀನ ಮಡಕೆಯನ್ನು ಕಾಪಾಡಿದ ರೈತ ಕುಟುಂಬಕ್ಕೆ ಸನ್ಮಾನ ಅಂತೆ! ತೊಳೆದವರಿಗೇ ಶಾಲು. ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಅಣ್ಣನಿಗೆ ತೋಟದಲ್ಲಿ ಕಾಯಿ ಕೀಳಿಸುವ ಕೆಲಸವಿತ್ತು. ಅತ್ತಿಗೆ ಒಬ್ಬರೇ ರೇಷ್ಮೆ ಸೀರೆ ಉಟ್ಟು ಬಸ್ಸಿನಲ್ಲಿ ಬಂದರು, ಮಗಳ ಮುಖ ನೋಡಬಹುದಲ್ಲ ಎಂಬ ಆಸೆಗೆ. ಮಗಳು ದೂರ ಕೂತಳು.

ವೇದಿಕೆಯ ಮೇಲೆ ಕೆಂಪು ಬಟ್ಟೆ ಹಾಸಿ, ಮಡಕೆಗೆ ಚೆಂಡುಹೂವಿನ ಹಾರ ಹಾಕಿದ್ದರು. ಮುಂದೆ ಒಂದು ಫಲಕ: "ಮೂರು ಸಾವಿರ ವರ್ಷದ ಹಿಂದಿನ ಊಟ. ಸಂಶೋಧನೆ: ಶಾಂತಲಾ." ಆ ಹೆಸರು ಓದಿ ಹುಡುಗಿಯ ಮುಖ ಬಿಳುಚಿಕೊಂಡಿತು. ಮಾಡದ ಪಾಪವನ್ನು ಅವಳ ಹೆಸರಿಗೇ ಮೆತ್ತಿದ್ದರು. ಸಮಾರಂಭ ಮುಗಿದೊಡನೆ ಮಡಕೆಯನ್ನು ಲ್ಯಾಬಿಗೆ ಒಯ್ಯಲು ಕಾರು ಹೊರಗೆ ನಿಂತಿತ್ತು.

ಅತ್ತಿಗೆಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅವರು ಫೋಟೋದವನ ಕಡೆ ನೋಡದೆ ಮಡಕೆಯೊಳಗೆ ಇಣುಕಿದರು. ಮತ್ತೆ ಬಗ್ಗಿ ಮೂಸಿದರು. ಕೆಳಗಿಳಿದು ಬಂದು ನನ್ನ ಕಿವಿಯಲ್ಲಿ ಹೇಳಿದರು:

"ಪ್ರಮೀಳಾ, ನಾನು ತೊಳ್ದಿದ್ನಲ್ಲ. ಇದ್ರಾಗೆ ಯಾರು ಹಿಟ್ಟು ಸೀಯ್ಸವ್ರೆ?"

ಅಷ್ಟರಲ್ಲಿ ಸಂಶೋಧಕಿ ಎರಡು ಮಾತಾಡಬೇಕು ಅಂತ ಶಾಂತಲಾಳನ್ನು ಕರೆದರು. ಅವಳು ಮೈಕಿನ ಹತ್ತಿರ ಹೋಗಲಿಲ್ಲ. ಹಾರ ತೆಗೆದು ಪಕ್ಕಕ್ಕಿಟ್ಟು, ಎರಡೂ ಕೈಯಲ್ಲಿ ಮಡಕೆ ಎತ್ತಿಕೊಂಡು ನೇರ ತಾಯಿಯ ಮುಂದೆ ಬಂದು ನಿಂತಳು.

"ಅಮ್ಮ, ಇದುನ್ನ ತೊಳ್ಕೊಡು."

ಎಷ್ಟು ದಿನದ ಮೇಲೆ ಆಡಿದ ಮಾತು ಅದು. ಅತ್ತಿಗೆ ಮಗಳ ಮುಖವನ್ನೇ ನೋಡಿದರು.

"ಆಮ್ಯಾಕೆ ಬೈಯಲ್ವಲ್ಲ?"

"ಇಲ್ಲಮ್ಮ. ಇದು ಊಟ ಅಲ್ಲ, ಹೇಸಿಗೆ."

"ಏಯ್, ಏನ್ ಮಾಡ್ತಿದೀಯ? ಅದು ಪುರಾತನ ವಸ್ತು!" ಎಂದು ಅಂಜನ್‌ಕುಮಾರ್ ವೇದಿಕೆಯಿಂದ ಇಳಿದು ಓಡಿಬಂದರು. ನಾನು ದಾರಿಗೆ ಅಡ್ಡ ನಿಂತೆ. "ಹಿಟ್ಟು ಯಾವ್ ಮಿಲ್ಲಿಂದು ಸರ್?" ಅಂತ ಗಟ್ಟಿಯಾಗಿಯೇ ಕೇಳಿದೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ಆ ಮನುಷ್ಯ ಅಲ್ಲೇ ನಿಂತುಬಿಟ್ಟರು, ಆ ಮುಖ ನೋಡಲೂ ನನಗೆ ಹೇಸಿಗೆಯಾಯಿತು.

ಅಂಗಳದ ಮೂಲೆಯಲ್ಲಿ ಕೈ ತೊಳೆಯುವ ನಲ್ಲಿ. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತರು. ನಾರು ಇರಲಿಲ್ಲ. ಸುತ್ತ ನೋಡಿ, ಹೆಗಲ ಮೇಲಿನ ಸನ್ಮಾನದ ಶಾಲನ್ನೇ ಎಳೆದು ಮುದ್ದೆ ಮಾಡಿ ಉಜ್ಜತೊಡಗಿದರು. ಜರಿ ಒರಟಾಗಿತ್ತು, ಚೆನ್ನಾಗಿ ಕೆರೆಯಿತು. ಶಾಂತಲಾ ಪಕ್ಕದಲ್ಲೇ ಕೂತು ನೀರು ಬಿಡುತ್ತಿದ್ದಳು. ಅಂಗಳದಲ್ಲಿ ಜನ ಸೇರಿದರು. ಅತ್ತಿಗೆ ಮಡಕೆಯನ್ನು ಬೋರಲು ಹಾಕಲು ಹೋದಾಗ ಶಾಂತಲಾ ತಡೆದಳು.

"ತಡಿಯಮ್ಮ," ಎಂದು ಮಡಕೆಯನ್ನು ಬೆಳಕಿಗೆ ಹಿಡಿದಳು. "ಈ ಅಂಚಲ್ಲಿ ಇನ್ನೊಂಚೂರು ಹಿಟ್ಟು ಐತೆ."